ಏಳು ಗಂಟೆಯ ಹಾಜರಿ

ಮೂವತ್ತನಾಲ್ಕು ವರ್ಷ ಗಣಿತ ಪಾಠ ಮಾಡಿದ ಗೋದಾ ಟೀಚರ್ ಬಾಯಿಬಿಟ್ಟು ಒಂದು ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ. ಬರೆದ ಸುಳ್ಳುಗಳು ಮಾತ್ರ ಎಷ್ಟೋ. ಬಸವನಗುಡಿಯ ಆ ಅನುದಾನಿತ ಶಾಲೆಯಲ್ಲಿ ಅವರ ತರಗತಿಯ ಹಾಜರಿ ಪುಸ್ತಕ ತೆಗೆದು ನೋಡಿದರೆ, ಮಕ್ಕಳೆಲ್ಲ ವರ್ಷವಿಡೀ ಒಂದು ನೆಗಡಿಯೂ ಆಗದೆ ಶಾಲೆಗೆ ಬಂದಿದ್ದರು. ನಿಜದಲ್ಲಿ ಅವರಲ್ಲೊಬ್ಬ ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಕೊಂಡು ಕೂತಿರುತ್ತಿದ್ದ, ಒಬ್ಬಳು ಯಾರದೋ ಮನೆಯ ಪಾತ್ರೆ ಬೆಳಗುತ್ತಿರುತ್ತಿದ್ದಳು. ಹೆಸರು ಹೊಡೆದುಹಾಕಿದರೆ ಮಗು ಕೈತಪ್ಪಿತು, ಹೆಸರಿದ್ದರೆ ಎಂದಾದರೂ ಬಂದು ಪರೀಕ್ಷೆಗೆ ಕೂತೀತು ಎನ್ನುವುದು ಗೋದಾ ಅವರ ನಂಬಿಕೆ. ಹಾಗೆ ಬಂದು ಕೂತು ಪಾಸಾದವರೂ ಇದ್ದರು. ಈಗಲೂ ಗಾಂಧಿಬಜಾರಿನಲ್ಲಿ ಯಾರಾದರೊಬ್ಬರು ಸ್ಕೂಟರು ನಿಲ್ಲಿಸಿ, “ಮಿಸ್, ನೀವು ಅವತ್ತು ಅಟೆಂಡೆನ್ಸ್ ಹಾಕ್ದೇ ಇದ್ದಿದ್ರೆ ನಾನು ಎಲ್ಲಿರ್ತಿದ್ನೋ” ಎಂದು ಕಾಲು ಮುಟ್ಟುತ್ತಾರೆ. ಇಂಥ ನಮಸ್ಕಾರಗಳನ್ನು ಜಾಸ್ತಿ ತೆಗೆದುಕೊಳ್ಳಬಾರದು, ತಲೆಗೇರುತ್ತವೆ. ಗೋದಾ ಅವರಿಗೂ ಸ್ವಲ್ಪ ಏರಿತ್ತು.

ನಿವೃತ್ತಿಯಾದ ಮೇಲೆ ಅವರು ಚಾಮರಾಜಪೇಟೆಯಲ್ಲಿ, ತಮ್ಮ ಮನೆಯಿಂದ ನಾಲ್ಕು ಹೆಜ್ಜೆಯ ದೂರದಲ್ಲಿದ್ದ ಹಳೇ ಛತ್ರದ ಹಜಾರದಲ್ಲಿ ಒಂದು ಕಲಿಕಾ ಕೇಂದ್ರ ನೋಡಿಕೊಳ್ಳುತ್ತಿದ್ದರು. ನಡೆಸುವುದು ಮಲ್ಲೇಶ್ವರದ ಒಂದು ಟ್ರಸ್ಟು. ನಡುವೆ ಶಾಲೆ ಬಿಟ್ಟ ಇಪ್ಪತ್ತೆರಡು ಮಕ್ಕಳು, ಎಲ್ಲ ಹದಿನಾಲ್ಕರಿಂದ ಹದಿನೇಳರ ಒಳಗಿನವರು. ಮಾರ್ಚಿನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂರುವವರು. ಒಬ್ಬೊಬ್ಬರಿಗೂ ಒಂದೊಂದು ಟ್ಯಾಬ್, ಹೆಸರೂ ಪಿನ್ನೂ ಹಾಕಿದರೆ ಯಾವ ಫೋನಿನಲ್ಲಾದರೂ ತೆರೆಯುವ ಒಂದೊಂದು ಖಾತೆ. ಹಗಲೆಲ್ಲ ದುಡಿದು ಬರುವ ಮಕ್ಕಳು ಸಂಜೆ ಏಳರಿಂದ ಎಂಟರವರೆಗೆ ಮನೆಯಲ್ಲೇ ಟ್ಯಾಬ್ ತೆರೆದು ಅಭ್ಯಾಸ ಮಾಡಬೇಕು. ತಿಳಿಯದ್ದನ್ನು ಅಲ್ಲೇ ಬರೆದು ಕಳಿಸಿದರೆ ಗೋದಾ ತಮ್ಮ ಫೋನಿನಿಂದ ಉತ್ತರ ಕೊಡುತ್ತಾರೆ. ಭಾನುವಾರ ಎಲ್ಲರೂ ಹಜಾರಕ್ಕೆ ಬರಬೇಕು. ಅಲ್ಲಿನ ಗೋಡೆಯ ಮೇಲೊಂದು ದೊಡ್ಡ ಪರದೆ. ಅದರಲ್ಲಿ ಪ್ರತಿ ಹೆಸರಿನ ಮುಂದೆ ದಿನಕ್ಕೊಂದು ಚೌಕ, ಓದಿದ ದಿನ ಹಸಿರು, ಓದದ ದಿನ ಕೆಂಪು. ಒಂದೇ ಸಮನೆ ಐದು ಕೆಂಪಾದರೆ ಟ್ಯಾಬ್ ವಾಪಸ್, ಜಾಗ ಕಾಯುವ ಪಟ್ಟಿಯ ಮುಂದಿನ ಮಗುವಿಗೆ.

ಈ ನಿಯಮ ಮಾಡಿದ್ದು ಟ್ರಸ್ಟಿನ ಚೈತನ್ಯಾ. ಇಪ್ಪತ್ತಾರರ ಹುಡುಗಿ, ಕೆಲಸದಲ್ಲಿ ಚುರುಕು, ಮನಸ್ಸೂ ಒಳ್ಳೆಯದೇ. “ಜನ ಏನ್ ಬೇಕಾದ್ರೂ ಹೇಳ್ತಾರೆ ಮೇಡಂ, ಡೇಟಾ ಸುಳ್ಳು ಹೇಳಲ್ಲ” ಎನ್ನುವುದು ಅವಳ ಮಾತು. ಪಾಪ, ಡೇಟಾಕ್ಕೆ ಗೋದಾ ಟೀಚರ್ ಪರಿಚಯ ಇರಲಿಲ್ಲ.

ಇಪ್ಪತ್ತೆರಡರಲ್ಲಿ ಗೋದಾ ಅವರ ಜೀವ ಇದ್ದದ್ದು ಶಿವರಂಜಿನಿಯ ಮೇಲೆ. ಮಕ್ಕಳಲ್ಲಿ ಭೇದ ಮಾಡಬಾರದು ಎನ್ನುತ್ತಲೇ ಭೇದ ಮಾಡುವುದು ಎಲ್ಲ ಮೇಷ್ಟರ ಚಾಳಿ. ಹದಿನಾರರ ಹುಡುಗಿ. ಎಂಟನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡಳು, ತಂದೆ ಅದಕ್ಕೂ ಮುಂಚೆಯೇ ಕಾಣೆ. ಅಂದಿನಿಂದ ಚಿಕ್ಕಮ್ಮ ಶೈಲಜಮ್ಮನ ಮನೆಯಲ್ಲಿದ್ದು, ಬೆಳಗಾದರೆ ಕೆ.ಆರ್. ಮಾರ್ಕೆಟ್ಟಿನಿಂದ ಬರುವ ಮಲ್ಲಿಗೆ ಕಾಕಡ ಕಟ್ಟುವುದು ಅವಳ ಕೆಲಸ. ಲೆಕ್ಕದಲ್ಲಿ ಮಾತ್ರ ದಾರದಷ್ಟೇ ಸಲೀಸು ಅವಳ ಕೈ. ಸಮೀಕರಣದ ಈ ಕಡೆಯದನ್ನು ಆ ಕಡೆಗೆ ಒಯ್ಯುವಾಗ ಮೈನಸ್ ಚಿಹ್ನೆ ಮರೆಯುತ್ತಿದ್ದಳು, ಅದೊಂದೇ. “ಆತುರಗಾರ್ತಿ, ನಿನ್ನ ಮೈನಸ್ಸೆಲ್ಲ ಯಾವ ಮಾಲೆಗೆ ಕಟ್ಬಿಟ್ಟೆ?” ಎಂದು ಗೋದಾ ರೇಗಿಸುತ್ತಿದ್ದರು. ಡಿಪ್ಲೊಮಾ ಮಾಡಬೇಕು, ಮೆಟ್ರೋದಲ್ಲಿ ಕೆಲಸ ಹಿಡಿಯಬೇಕು ಎಂದು ಅವಳು ಹೇಳಿಕೊಂಡದ್ದೂ ಗೋದಾ ಅವರೊಬ್ಬರ ಹತ್ತಿರವೇ.

ಸಂಕ್ರಾಂತಿಯಾದ ಎರಡನೇ ದಿನ ರಂಜಿನಿ ಟ್ಯಾಬನ್ನು ತಂದು ಗೋದಾ ಅವರ ಕೈಗಿಟ್ಟಳು. “ನಾಲ್ಕು ದಿನ ಊರಿಗೆ ಹೋಗಿಬರ್ತೀನಿ ಮಿಸ್, ಚಿಕ್ಕಮ್ಮ ಕರ್ಕೊಂಡ್ ಹೋಗ್ತಿದಾರೆ. ಅಲ್ಲಿ ಕಳೆದುಹೋದ್ರೆ ಕಷ್ಟ, ನಿಮ್ಮ ಹತ್ರಾನೇ ಇರ್ಲಿ” ಎಂದಳು. ನಾಲ್ಕನೇ ದಿನ ಬರಲಿಲ್ಲ. ಗೋದಾ ಮಾರ್ಕೆಟ್ಟಿನ ಹೂವಿನ ಸಾಲಿಗೇ ಹೋಗಿ ಶೈಲಜಮ್ಮನನ್ನು ಕೇಳಿದರು. ಶೈಲಜಮ್ಮ ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು, ಎರಡೂ ಕೈಯಿಂದ ಗಲ್ಲ ಮುಟ್ಟಿಕೊಂಡು, “ಅಮ್ಮ ಆಗಿದೆ ಮೇಡಂ” ಎಂದಳು.

ಅಮ್ಮ ಎಂದರೆ ಸೀತಾಳೆ ಸಿಡುಬು, ಚಿಕನ್‌ಪಾಕ್ಸ್. ಅದು ವೈರಸ್ಸಿನಿಂದ ಬರುವ ಕಾಯಿಲೆ ಎಂದು ಗೋದಾ ಅವರಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಆ ಮಾತು ಕಿವಿಗೆ ಬಿದ್ದಕೂಡಲೇ ಅವರ ಕೈಯೂ ತಾನಾಗಿ ಗಲ್ಲಕ್ಕೆ ಹೋಯಿತು. ಅಮ್ಮ ಬಂದ ಮನೆಗೆ ಹೋಗಬಾರದು, ಹೇಗಿದೆ ಏನು ಎಂದು ಕೆದಕಬಾರದು, ಇಳಿದ ಮೇಲೆ ತಲೆಗೆ ಮೂರು ಸಲ ನೀರು ಹಾಕುವವರೆಗೂ ಆ ಮನೆಯಲ್ಲಿ ಒಗ್ಗರಣೆಯ ಸದ್ದೂ ಇರಬಾರದು. ಹುಟ್ಟಿದಾಗಿನಿಂದ ಕೇಳಿದ್ದು, ಬಿ.ಎಸ್ಸಿ. ಮಾಡಿದರೆ ಹೋಗಿಬಿಡುತ್ತದೆಯೇ? ಯಾವ ಊರು, ಯಾರ ಮನೆ ಎಂದೂ ಅವರು ಕೇಳಲಿಲ್ಲ. “ಮೂರು ನೀರಾದ ಮೇಲೆ ಕಳ್ಸಿ, ನಿಧಾನಕ್ಕೆ ಬರ್ಲಿ” ಎಂದಷ್ಟೇ ಹೇಳಿ, ಒಂದು ಮೊಳ ಕನಕಾಂಬರ ಕೊಂಡು ಬಂದರು.

ಮನೆಗೆ ಬಂದರೆ ಚೈತನ್ಯಾಳ ಮೆಸೇಜು: ಶಿವರಂಜಿನಿ ನಾಲ್ಕು ಕೆಂಪು, ಇವತ್ತೂ ತಪ್ಪಿದರೆ ಐದು. ಕಾಯಿಲೆ ಎಂದು ಹೇಳಬಹುದಿತ್ತು. ಹೇಳಿದರೆ ವೈದ್ಯರ ಚೀಟಿ ಕೇಳುತ್ತಾರೆ, ಅಮ್ಮ ಆದವರಿಗೆ ಡಾಕ್ಟರ ಹತ್ತಿರ ಹೋಗುವ ಪದ್ಧತಿ ಇಲ್ಲ ಎಂದು ಮಲ್ಲೇಶ್ವರದ ಆಫೀಸಿಗೆ ತಿಳಿಸಿ ಹೇಳುವವರು ಯಾರು? ಪರೀಕ್ಷೆಗೆ ಎರಡು ತಿಂಗಳಿಲ್ಲ. ಗೋದಾ ಅಂದು ಸಂಜೆ ದೇವರ ದೀಪ ಹಚ್ಚಿ, ಬೀರುವಿನಿಂದ ರಂಜಿನಿಯ ಟ್ಯಾಬ್ ತೆಗೆದರು. ಎಲ್ಲ ಮಕ್ಕಳ ಪಿನ್ನೂ ಅವರ ಡೈರಿಯಲ್ಲಿ ಬರೆದಿಟ್ಟಿತ್ತು. ಏಳು ಗಂಟೆಗೆ ಸರಿಯಾಗಿ ಶಿವರಂಜಿನಿ ಹಾಜರಾದಳು.

ಕಳ್ಳತನವಾದರೂ ಅಚ್ಚುಕಟ್ಟಾಗಿ ಮಾಡಬೇಕು ಎನ್ನುವವರು ಅವರು. ಎಲ್ಲ ಲೆಕ್ಕ ಸರಿ ಮಾಡಿದರೆ ಅನುಮಾನ ಬಂದೀತೆಂದು ಐದಕ್ಕೊಂದು ಕಡೆ ಮೈನಸ್ ಮರೆಯುತ್ತಿದ್ದರು. ತ್ರಿಕೋನಮಿತಿಯಲ್ಲಿ ರಂಜಿನಿ ತಡೆಯುವ ಜಾಗದಲ್ಲಿ ತಾವೂ ಎರಡು ನಿಮಿಷ ತಡೆದು ಮುಂದೆ ಹೋಗುತ್ತಿದ್ದರು. ಅದರಲ್ಲೊಂದು ಸುಖವೂ ಇತ್ತೆನ್ನಿ, ಹುಡುಗಿ ಪಕ್ಕದಲ್ಲೇ ಕೂತಿದ್ದಾಳೆ ಅನಿಸುತ್ತಿತ್ತು. “ಅರವತ್ತೊಂದಕ್ಕೆ ಎಸ್ಸೆಸ್ಸೆಲ್ಸಿ ಕಟ್ಟಿದೀಯೇನೆ?” ಎಂದು ಗಂಡ ವೆಂಕಟಾಚಲ ಪೇಪರಿನ ಹಿಂದಿನಿಂದ ಚುಡಾಯಿಸುತ್ತಿದ್ದರು.

ಹತ್ತು ಹನ್ನೆರಡು ದಿನ ಹೀಗೇ ಸಾಗಿತು. ಆಮೇಲೆ ಒಂದು ಸಂಜೆ, ಏಳು ಹೊಡೆದು ಹತ್ತು ನಿಮಿಷವಾಗಿರಬಹುದು, ಲೆಕ್ಕದ ನಡುವೆ ಟ್ಯಾಬಿನಲ್ಲಿ ಒಂದು ಚೀಟಿ ಎದ್ದುನಿಂತಿತು: ‘ಈ ಖಾತೆ ಮತ್ತೊಂದು ಕಡೆ ತೆರೆದಿದೆ. ಇಲ್ಲೇ ಮುಂದುವರಿಸಬೇಕೇ?’ ಗೋದಾ ‘ಹೌದು’ ಒತ್ತಿದರು. ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನವೂ. ವೆಂಕಟಾಚಲ ಕನ್ನಡಕ ಏರಿಸಿ ಇಣುಕಿದರು.

“ಬೇರೆ ಕಡೆ ತೆರೆದಿದೆ ಅಂತಿದೆಯಲ್ಲೇ. ಯಾರೇ ಅದು?”

“ಯಾರೂ ಇಲ್ಲ, ಇದಕ್ಕೆ ಕೇಳೋದೇ ಕೆಲ್ಸ. ಅಪ್‌ಡೇಟ್ ಮಾಡ್ಲಾ, ಜಾಗ ಖಾಲಿ ಮಾಡ್ಲಾ, ದಿನಾ ಒಂದು ಕ್ಯಾತೆ” ಎಂದು ಗೋದಾ ಮತ್ತೆ ‘ಹೌದು’ ಒತ್ತಿದರು. ಆ ಚೀಟಿ ಒಂದಷ್ಟು ದಿನ ಬಂದು, ಆಮೇಲೆ ನಿಂತುಹೋಯಿತು. ಸದ್ಯ ಸರಿಹೋಯಿತಲ್ಲ ಎಂದುಕೊಂಡರು.

ಫೆಬ್ರವರಿ ಎರಡನೇ ಭಾನುವಾರ ಹಜಾರದಲ್ಲಿ ತರಗತಿ ಮುಗಿದ ಮೇಲೆ ಸಾನ್ವಿ ಎಂಬ ಹುಡುಗಿ ಹೊರಡದೆ ಚಾಪೆ ಸುತ್ತುತ್ತ ನಿಂತಿದ್ದಳು. ರಂಜಿನಿಯ ಗೆಳತಿ, ಹೂವಿನ ಸಾಲಿನಲ್ಲೇ ಇವಳ ತಾಯಿಯದೂ ಅಂಗಡಿ.

“ಮಿಸ್, ರಂಜಿ ಪರೀಕ್ಷೆ ಬರೀತಾಳಾ? ಮದ್ವೆ ಆದ್ಮೇಲೂ ಬಿಡ್ತಾರಾ?”

“ಯಾವ ಮದ್ವೆ?”

“ಶುಕ್ರವಾರ ಮಿಸ್. ಅವರ ಚಿಕ್ಕಮ್ಮ ನಮ್ಮಮ್ಮಂಗೆ ಹೇಳ್ತಿದ್ರು. ಮಾಘದಲ್ಲಿ ಬಿಟ್ರೆ ಮುಹೂರ್ತ ಇಲ್ವಂತೆ. ಗಂಡು ಉಪ್ಪಾರಪೇಟೆ ಲಾಡ್ಜ್‌ನಲ್ಲಿ ಕೆಲ್ಸ ಮಾಡ್ತಾನಂತೆ, ಮೂವತ್ತೊಂದು ವರ್ಷವಂತೆ.”

ಗೋದಾ ಅವರಿಗೆ ಕೂರಲು ಕುರ್ಚಿ ಎಲ್ಲಿದೆ ಎಂದು ತಿಳಿಯಲಿಲ್ಲ. “ಅವಳಿಗೆ ಅಮ್ಮ ಆಗಿತ್ತಲ್ಲೇ?”

“ಅಮ್ಮಾನೂ ಇಲ್ಲ ಏನೂ ಇಲ್ಲ ಮಿಸ್. ಹಬ್ಬ ಆದ್ಮೇಲೆ ನಾನು ಅವಳನ್ನ ನೋಡೇ ಇಲ್ಲ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

ಸಾನ್ವಿ ಗೋಡೆಯ ಪರದೆಯತ್ತ ಕೈ ತೋರಿಸಿದಳು. “ದಿನಾ ಹಸಿರು ಇತ್ತಲ್ಲ ಮಿಸ್. ಊರಲ್ಲೇ ಓದ್ಕೊಂಡಿದಾಳೆ, ಚೆನ್ನಾಗೇ ಇದಾಳೆ ಅಂದ್ಕೊಂಡೆ.”

ಶಿವರಂಜಿನಿಯ ಹೆಸರಿನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಹಸಿರು ಚೌಕಗಳು ಸಾಲಾಗಿ ನಿಂತಿದ್ದವು. ಇಡೀ ಪರದೆಯಲ್ಲಿ ಅಷ್ಟು ಉದ್ದದ ಹಸಿರು ಸಾಲು ಇನ್ನೊಂದಿರಲಿಲ್ಲ. ಗೋದಾ ಹುಡುಗಿಯ ಮುಂದೆಯೇ ನೆಲದ ಮೇಲೆ ಕೂತುಬಿಟ್ಟರು.

ಶೈಲಜಮ್ಮನ ಮನೆಗೆ ಬೀಗ ಹಾಕಿತ್ತು. ಫೋನು ಎತ್ತಲಿಲ್ಲ. ಗೋದಾ ಚೈತನ್ಯಾಳಿಗೆ ಫೋನು ಮಾಡಿ ಕರೆಸಿಕೊಂಡು ಸೀದಾ ಪೊಲೀಸ್ ಠಾಣೆಗೆ ಹೋದರು. ದಾರಿಯುದ್ದಕ್ಕೂ ಆಟೋದಲ್ಲಿ ಹೇಳಬೇಕಾದ್ದನ್ನು ಹೇಳಿಬಿಡಬೇಕೆಂದುಕೊಂಡರು. ಚೈತನ್ಯಾ ಒಂದೇ ಸಮನೆ ಯಾರ್ಯಾರಿಗೋ ಫೋನು ಮಾಡುತ್ತಿದ್ದಳು, ಮಾತಿಗೆ ಸಂದು ಸಿಗಲಿಲ್ಲ. ಸಿಗಲಿಲ್ಲ ಎನ್ನುವುದಕ್ಕಿಂತ ಗೋದಾ ಹುಡುಕಲಿಲ್ಲ ಎನ್ನುವುದೇ ಸರಿ.

ಸಬ್ ಇನ್ಸ್‌ಪೆಕ್ಟರ್ ಕೈಲಾಸ್ ಸಮಾಧಾನದಿಂದಲೇ ಕೇಳಿಸಿಕೊಂಡರು. ಶೈಲಜಮ್ಮನ ನಂಬರಿಗೆ ತಾವೇ ಫೋನು ಮಾಡಿದರು. ಠಾಣೆಯ ಫೋನನ್ನು ಅವಳು ಎತ್ತಿದಳು. ಸ್ಪೀಕರಿನಲ್ಲಿ ಅವಳ ದನಿ ಹಾಲಿನಲ್ಲಿ ಅದ್ದಿದ ಹಾಗಿತ್ತು. “ಮದ್ವೆನಾ? ಎಲ್ಲಿ ಮದ್ವೆ ಸಾರ್? ಊರಲ್ಲಿ ನಮ್ಮ ಅತ್ತೆ ಮನೇಲಿ ಓದ್ಕೊಂಡಿದಾಳೆ. ಬೇಕಾದ್ರೆ ಆ ಮಿಸ್‌ನೇ ಕೇಳಿ, ದಿನಾ ಟ್ಯಾಬಲ್ಲಿ ಪಾಠ ಮಾಡ್ತಿಲ್ವಾ? ಹಸಿರು ಬರ್ತಿದೆ ಅಂತ ಮಾರ್ಕೆಟ್‌ನಲ್ಲಿ ಹುಡ್ಗೀರೆಲ್ಲ ಹೇಳ್ತಿದ್ರು.”

ಕೈಲಾಸ್ ಫೋನಿಟ್ಟು ಚೈತನ್ಯಾಳ ಕಡೆ ನೋಡಿದರು. “ಏನಮ್ಮ ಅದು ಹಸಿರು?”

ಚೈತನ್ಯಾ ಲ್ಯಾಪ್‌ಟಾಪ್ ತೆಗೆದು ಅವರತ್ತ ತಿರುಗಿಸಿದಳು. ಏನೇ ಆತಂಕವಿದ್ದರೂ ತನ್ನ ಕೆಲಸದ ಹೆಮ್ಮೆ ಅವಳ ದನಿಯಲ್ಲಿ ಇಣುಕಿತು. “ಸರ್, ಇದು ಅವಳ ರೆಕಾರ್ಡ್. ಇಡೀ ಸೆಂಟರ್‌ಗೆ ಇವಳೇ ಬೆಸ್ಟ್. ನಿನ್ನೆ ಸಂಜೆನೂ ಏಳರಿಂದ ಎಂಟು ಕೂತು ಇಪ್ಪತ್ತು ಲೆಕ್ಕ ಮಾಡಿದಾಳೆ. ಈ ವರ್ಷದ ವರದಿಗೆ ಇವಳ ಕಥೆನೇ ಹಾಕಿದೀವಿ.”

“ಮತ್ತೆ ಇನ್ನೇನು?” ಕೈಲಾಸ್ ಗೋದಾ ಅವರತ್ತ ತಿರುಗಿದರು. “ಮೇಡಂ, ನೀವು ಹಿರಿಯರು, ನಿಮ್ಮ ಕಳಕಳಿ ಅರ್ಥ ಆಗುತ್ತೆ. ಆದ್ರೆ ಕೂಡಿಹಾಕಿರೋ ಹುಡುಗಿ ದಿನಾ ಏಳು ಗಂಟೆಗೆ ಕೂತ್ಕೊಂಡು ಟ್ರಿಗ್ನಾಮೆಟ್ರಿ ಮಾಡ್ತಾಳಾ? ಯಾರೋ ಹುಡುಗಿ ಹೇಳಿದ ಗಾಳಿಸುದ್ದಿ. ನಾಳೆ ನಾಡಿದ್ದು ಊರಿನ ವಿಳಾಸ ತರಿಸಿ ನೋಡೋಣ.”

ನಾಡಿದ್ದು ಮಂಗಳವಾರ. ಆಮೇಲೆ ಬುಧವಾರ, ಗುರುವಾರ. ಗೋದಾ ಮೇಜಿನ ಅಂಚು ಹಿಡಿದರು. ಒಂದು ಉಪಾಯ ನಾಲಿಗೆಯ ತುದಿಗೇ ಬಂದಿತ್ತು: ಅವಳ ಹೆಸರಿನಲ್ಲಿ ಬೇರೆ ಯಾರೋ ಟ್ಯಾಬ್ ಬಳಸುತ್ತಿರಬಹುದು, ನನಗೆ ಅನುಮಾನವಿದೆ ಎಂದರೆ ಮುಗಿಯಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆದರೆ ಯಾರು ಯಾಕೆ ಎಂದು ಹುಡುಕುವುದರಲ್ಲಿ ಎರಡು ದಿನ ಹೋಗುತ್ತಿತ್ತು. ಇರುವುದೇ ನಾಲ್ಕು ದಿನ. ಇನ್ನೊಂದು ಕಡೆ, ಬಾಯಿಬಿಟ್ಟರೆ ಮೂವತ್ತನಾಲ್ಕು ವರ್ಷದ ಹೆಸರು ಈ ಮೇಜಿನ ಮೇಲೇ ಹೋಗುತ್ತದೆ. ಟ್ರಸ್ಟಿನವರು ಸಿಟ್ಟಿಗೆದ್ದು ಕೇಂದ್ರವನ್ನೇ ಮುಚ್ಚಿದರೆ ಉಳಿದ ಇಪ್ಪತ್ತೊಂದು ಮಕ್ಕಳ ಪರೀಕ್ಷೆಯೂ ಹೋಗುತ್ತದೆ.

“ಅದು ಅವಳಲ್ಲ. ನಾನು,” ಎಂದರು ಗೋದಾ.

ಇಬ್ಬರಿಗೂ ಅರ್ಥವಾಗಲಿಲ್ಲ.

“ದಿನಾ ಏಳು ಗಂಟೆಗೆ ಅವಳ ಟ್ಯಾಬ್‌ನಲ್ಲಿ ಲೆಕ್ಕ ಮಾಡ್ತಿದ್ದೋಳು ನಾನು. ಟ್ಯಾಬ್ ನಮ್ಮನೆ ಬೀರುನಲ್ಲಿದೆ. ಅವಳು ಹೋಗಿ ಇಪ್ಪತ್ತೇಳು ದಿನ ಆಯ್ತು ಸರ್. ಅವಳು ಎಲ್ಲಿದಾಳೆ ಅಂತ ನನಗೆ ಗೊತ್ತಿಲ್ಲ. ದಯವಿಟ್ಟು ಹುಡುಕ್ಸಿ.”

ಚೈತನ್ಯಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಮೈನಸ್ ತಪ್ಪುಗಳೂ?” ಎಂದಳು ಸಣ್ಣ ದನಿಯಲ್ಲಿ. ಗೋದಾ ತಲೆಯಾಡಿಸಿದರು. ಹುಡುಗಿ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು, ಸುಮ್ಮನೆ ಏನೇನೋ ತೆರೆದು ನೋಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳು ನಿಂತಿತು.

“ಮೇಡಂ, ನೀವು ಫೋನಿಂದಲೂ ಅವಳ ಅಕೌಂಟ್ ತೆಗೀತಿದ್ರಾ?”

“ಇಲ್ಲಮ್ಮ. ಟ್ಯಾಬ್ ಒಂದೇ.”

“ಇಲ್ಲಿ ಇನ್ನೊಂದು ಫೋನ್ ಇದೆ. ಜನವರಿ ಮೂವತ್ತರಿಂದ, ಹನ್ನೊಂದು ದಿನ. ಏಳು ಹತ್ತಕ್ಕೆ ಒಳಗೆ ಬಂದಿದೆ, ಏಳು ಹನ್ನೊಂದಕ್ಕೆ ಹೊರಗೆ. ದಿನಾ ಹಾಗೇ. ಟ್ಯಾಬ್ ಕಡೆಯಿಂದ ಅದನ್ನ ಹೊರಗೆ ಹಾಕಿದಾರೆ.” ಅವಳು ಇನ್ನೊಂದು ಪುಟ ತೆರೆದಳು. ಮಕ್ಕಳು ಟೀಚರಿಗೆ ಬರೆಯಲು ಹೊರಟು, ಕಳಿಸದೆ ಬಿಟ್ಟ ಮಾತುಗಳೂ ಅಲ್ಲಿ ಉಳಿದಿರುತ್ತವಂತೆ. ಚೈತನ್ಯಾ ಓದಿ ಹೇಳಲಿಲ್ಲ, ಪರದೆಯನ್ನು ಗೋದಾ ಅವರ ಮುಂದೆ ಸರಿಸಿದಳು.

ಮಿಸ್ ನಾನು

ಮಿಸ್ ನಾನು ರಂಜಿ ಊರಲ್ಲಿ ಇಲ್ಲ

ಮಿಸ್ ಯಾರಿಗೂ ಹೇಳ್ಬೇಡಿ ನೀವೇ ಬ

ಮಿಸ್ ಓಕಳಿಪು

ಅದರ ಕೆಳಗಿನ ದಿನಗಳಲ್ಲಿ ಬರೀ ‘ಮಿಸ್’ ಎಂದಿತ್ತು. ಕೊನೆಯ ಎರಡು ದಿನ ಅದೂ ಇರಲಿಲ್ಲ, ಒಳಗೆ ಬಂದ ಗುರುತು ಮಾತ್ರ.

ಗೋದಾ ಅವರಿಗೆ ತಮ್ಮ ತೋರುಬೆರಳು ಕಂಡಿತು, ಹೌದು ಒತ್ತುತ್ತಿದ್ದ ಬೆರಳು. ಬಾಗಿಲು ಬಡಿದ ಮಗುವನ್ನು ಹನ್ನೊಂದು ಸಂಜೆ ಅವರೇ ಕತ್ತು ಹಿಡಿದು ಹೊರಕ್ಕೆ ನೂಕಿದ್ದರು. ಅಳು ಬರಲಿಲ್ಲ. ಹೊರಗಿನವರು ಮಾಡಿದ ಅನ್ಯಾಯಕ್ಕೆ ಶಾಪ ಹಾಕಬಹುದು, ಇದಕ್ಕೆ ಯಾರನ್ನು ಶಪಿಸುವುದು?

ಕೈಲಾಸ್ ಆಗಲೇ ಎದ್ದಿದ್ದರು. “ಓಕಳಿಪುರಂ” ಎಂದು ಒಂದೇ ಮಾತು ಹೇಳಿ ಶೈಲಜಮ್ಮನನ್ನು ಕರೆಸಿದರು. ಆ ಹೆಸರು ಕೇಳಿದಮೇಲೆ ಅವಳು ಹೆಚ್ಚು ಹೊತ್ತು ತಡೆಯಲಿಲ್ಲ. “ನಂಗೂ ಎರಡು ಹೆಣ್ಣಿದಾವೆ ಸಾರ್, ಇವಳನ್ನ ಎಷ್ಟು ದಿನ ಕಾಯ್ಲಿ? ಮಾರ್ಕೆಟ್‌ನಲ್ಲಿ ಹುಡ್ಗೀರ ಮೇಲೆ ಎಂಥೆಂಥೋರ ಕಣ್ಣಿರುತ್ತೆ ನಿಮಗೇನ್ ಗೊತ್ತು? ಕೆಟ್ಟದ್ದಕ್ಕೆ ಮಾಡಿದ್ನಾ?” ಎಂದು ಎದೆ ಎದೆ ಬಡಿದುಕೊಂಡು ಅತ್ತಳು. ಸುಳ್ಳು ಅಳುವಲ್ಲ ಅದು. ಒಳ್ಳೆಯದಾಗಲಿ ಎಂದೇ ಹುಡುಗಿಯ ಬಾಳು ಕೆಡಿಸಲು ಹೊರಟವರು ಆ ಠಾಣೆಯಲ್ಲಿ ಅಂದು ಇಬ್ಬರಿದ್ದರು.

ರಂಜಿನಿ ಇದ್ದ ಊರು ಚಾಮರಾಜಪೇಟೆಯಿಂದ ಆಟೋದಲ್ಲಿ ಹದಿನೈದು ನಿಮಿಷ. ಓಕಳಿಪುರಂನಲ್ಲಿ ರೈಲು ಹಳಿಯ ಗೋಡೆಗೆ ಬೆನ್ನು ಹಚ್ಚಿದ ಒಂದು ವಠಾರ, ಗಂಡಿನ ಅಕ್ಕನ ಮನೆ. ಪೊಲೀಸರೂ ಮಕ್ಕಳ ರಕ್ಷಣಾ ಘಟಕದ ಹೆಂಗಸೊಬ್ಬರೂ ಒಳಹೊಕ್ಕರು, ಗೋದಾ ಹೊಸಿಲಾಚೆ ನಿಂತರು. ಆ ಅಕ್ಕ ಏರುದನಿಯಲ್ಲಿ, “ನಾವೇನು ಕಟ್ಟಿಹಾಕಿದೀವಾ? ಕೇಳಿ ಅವಳನ್ನೇ, ಒಪ್ಪಿದಾಳೆ” ಎನ್ನುತ್ತಿದ್ದಳು. ರಂಜಿನಿ ಒಳಗೋಣೆಯಿಂದ ಬಂದಳು. ಕೆನ್ನೆಗೆ ಅರಿಸಿನ, ಮೈಮೇಲೆ ಯಾರದೋ ಸೀರೆ. ಸಿಡುಬಿನ ಒಂದು ಕಲೆಯೂ ಇರಲಿಲ್ಲ.

ಘಟಕದ ಹೆಂಗಸು ಮೆಲ್ಲಗೆ, “ನೀನು ಒಪ್ಪಿದೀಯೇನಮ್ಮ?” ಎಂದರು. ಅವಳು ಹೂಂ ಅಂದಳು. ಒಪ್ಪಿದರೂ ಕಾನೂನು ಒಪ್ಪುವುದಿಲ್ಲ, ನಮ್ಮ ಜೊತೆ ಬಾ ಎಂದು ಅವರು ಹೆಗಲ ಮೇಲೆ ಕೈಯಿಟ್ಟಾಗ ಅವಳ ಕಣ್ಣು ಹೊಸಿಲಾಚೆಗೆ ಬಿತ್ತು.

“ಈಗ್ಯಾಕ್ ಬಂದ್ರಿ ಮಿಸ್?” ಎಂದಳು. “ನನ್ನ ಜಾಗ ಯಾರಿಗೆ ಕೊಟ್ರಿ?”

“ಯಾರಿಗೂ ಕೊಟ್ಟಿಲ್ಲ ಕಣೆ. ನಿಂದು ನಿಂಗೇ ಇದೆ.”

“ಸುಳ್ಳು ಹೇಳ್ಬೇಡಿ. ನಾನ್ ನೋಡಿದೀನಿ. ಒಳಗೆ ಯಾರೋ ಇದ್ರು.”

ಸುತ್ತ ವಠಾರವೇ ನೆರೆದಿತ್ತು. ಗೋದಾ ಹೊಸಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹುಡುಗಿಯನ್ನು ಸರ್ಕಾರದ ಬಾಲಕಿಯರ ಮಂದಿರಕ್ಕೆಂದು ಜೀಪಿಗೆ ಹತ್ತಿಸಿದರು, ಗೋದಾ ಹಿಂದಿನಿಂದ ಆಟೋ ಹಿಡಿದು ಮನೆಗೆ ಬಂದರು.

ಕೇಂದ್ರ ಉಳಿಯಿತು, ಗೋದಾ ಉಳಿಯಲಿಲ್ಲ. ಟ್ರಸ್ಟಿನವರು ದೊಡ್ಡ ಮನಸ್ಸು ಮಾಡಿ ಪರೀಕ್ಷೆ ಮುಗಿಯುವವರೆಗೆ ಮಕ್ಕಳ ಟ್ಯಾಬ್ ಮುಟ್ಟುವುದಿಲ್ಲ ಎಂದರು, ಗೋದಾ ಅವರಿಗೆ ಎರಡು ಸಾಲಿನ ಪತ್ರ ಕೊಟ್ಟರು. ಸಂಜೆಯ ಏಳು ಗಂಟೆ ಈಗ ಚೈತನ್ಯಾಳದು. ವೆಂಕಟಾಚಲ ಚುಡಾಯಿಸುವುದನ್ನು ನಿಲ್ಲಿಸಿದ್ದರು, ಮನೆಯಲ್ಲಿ ಅದೇ ದೊಡ್ಡ ಶಿಕ್ಷೆಯಾಗಿತ್ತು. ವಾರದ ಮೇಲೆ ಚೈತನ್ಯಾ ಬಂದು, ಪೊಲೀಸರು ನೋಡಿ ವಾಪಸು ಕೊಟ್ಟಿದ್ದ ಟ್ಯಾಬನ್ನು ಅವರ ಮುಂದಿಟ್ಟಳು. “ಮಕ್ಕಳ ಕಲ್ಯಾಣ ಸಮಿತಿ ಒಪ್ಪಿದೆ, ಮಂದಿರದಲ್ಲಿದ್ದೇ ಅವಳು ಪರೀಕ್ಷೆ ಬರೀಬಹುದು. ನೀವೇ ಹೋಗಿ ಕೊಟ್ಟುಬನ್ನಿ ಮೇಡಂ. ಆದ್ರೆ ಒಳಗಿದ್ದಿದ್ದು ಯಾರು ಅಂತ ಅವಳಿಗಿನ್ನೂ ಗೊತ್ತಿಲ್ಲ. ನಾನು ಹೇಳಿಲ್ಲ.”

ಬಾಲಕಿಯರ ಮಂದಿರದ ಭೇಟಿಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ರಂಜಿನಿ ಎದುರಿಗೆ ಕೂತಳು. ಟ್ಯಾಬ್ ಕಂಡರೂ ಕೈ ಚಾಚಲಿಲ್ಲ.

“ನಂಬರ್ ಯಾರದ್ದೂ ಬಾಯಿಗೆ ಬರಲ್ಲ ಮಿಸ್,” ಎಂದಳು, ಕೇಳದೆಯೇ. “ಪೊಲೀಸ್‌ಗೆ ಮಾಡಿದ್ರೆ ಚಿಕ್ಕಮ್ಮನ್ನ ಹಿಡ್ಕೊಂಡ್ ಹೋಗ್ತಾರೆ ಅಂತ ಭಯ. ಪಿನ್ ಒಂದೇ ನೆನಪಿದ್ದಿದ್ದು. ಸಂಜೆ ನಲ್ಲಿ ಬರೋ ಹೊತ್ತಿಗೆ ಅವರಕ್ಕ ಫೋನ್ ಚಾರ್ಜ್‌ಗಿಟ್ಟು ನೀರು ಹಿಡಿಯಕ್ಕೆ ಹೋಗ್ತಿದ್ರು, ಹತ್ತು ನಿಮಿಷ. ಒಳಗೆ ಹೋದ ತಕ್ಷಣ ಹೊರಗೆ ಹಾಕ್ಬಿಡೋದು, ಮತ್ತೆ ಪಿನ್ ಹಾಕಿದ್ರೆ ಅವತ್ತಿಗೆ ತೆರ್ಕೋತಾನೇ ಇರ್ಲಿಲ್ಲ. ಮೊದ್ಲು ನೆಟ್‌ವರ್ಕ್ ಅಂದ್ಕೊಂಡೆ. ಆಮೇಲ್ ಗೊತ್ತಾಯ್ತು, ಐದು ಕೆಂಪಾಗಿದೆ, ಜಾಗ ಬೇರೆಯೋರಿಗೆ ಕೊಟ್ಬಿಟ್ಟಿದೀರ ಅಂತ. ರೂಲ್ಸ್ ಅಲ್ವಾ. ಇನ್ನೇನಿದೆ ಅಂತ ಅವರಿಗೆ ಹೂಂ ಅಂದ್ಬಿಟ್ಟೆ.”

ಹೇಳದೆಯೂ ಇರಬಹುದಿತ್ತು. ಹುಡುಗಿ ರೂಲ್ಸಿನ ಮೇಲೆ ಸಿಟ್ಟಿಟ್ಟುಕೊಂಡು ಪರೀಕ್ಷೆ ಬರೆಯುತ್ತಿದ್ದಳು, ಮಿಸ್ ಮಿಸ್ಸಾಗಿಯೇ ಇರುತ್ತಿದ್ದರು. ಗೋದಾ ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಬೇರೆ ಯಾರೂ ಅಲ್ಲ ರಂಜಿ. ನಿನ್ನ ಸಾಲು ಕೆಂಪಾಗ್ಬಾರ್ದು ಅಂತ ನಿನ್ನ ಹೆಸರಲ್ಲಿ ನಾನೇ ಕೂತ್ಕೋತಿದ್ದೆ. ಒಳಗಿದ್ದೋಳು ನಾನೇ.”

ಹೊರಗೆ ಯಾರೋ ಊಟದ ತಟ್ಟೆಗಳನ್ನು ಜೋಡಿಸುತ್ತಿದ್ದರು.

“ಹನ್ನೊಂದು ದಿನಾನೂ?”

“ಹನ್ನೊಂದು ದಿನಾನೂ.”

“ಬೇರೆ ಕಡೆ ತೆರೆದಿದೆ ಅಂತ ಅದು ಕೇಳುತ್ತಲ್ಲ ಮಿಸ್.”

“ಕೇಳ್ತು.”

“ನೀವೇನ್ ಒತ್ತಿದ್ರಿ?”

“ಹೌದು ಅಂತ ಒತ್ತಿದೆ.”

ಹುಡುಗಿ ಅಳಲಿಲ್ಲ, ಎದ್ದು ಹೋಗಲೂ ಇಲ್ಲ. ಟ್ಯಾಬನ್ನು ತನ್ನ ಕಡೆಗೆ ಎಳೆದುಕೊಂಡು ತೆರೆದಳು. “ಪಿನ್ ಬದಲಾಯ್ಸೋದು ಹೇಗೆ ತೋರ್ಸಿ,” ಎಂದಳು.

ಗೋದಾ ಬಾಗಿ, ಎಲ್ಲಿ ಒತ್ತಬೇಕು, ಆಮೇಲೆ ಎಲ್ಲಿ ಎಂದು ಒಂದೊಂದಾಗಿ ತೋರಿಸಿದರು. ಹೊಸ ಸಂಖ್ಯೆಯ ನಾಲ್ಕು ಖಾಲಿ ಮನೆಗಳು ಬಂದವು. ರಂಜಿನಿಯ ಬೆರಳು ಅವುಗಳ ಮೇಲೆ ನಿಂತಿತು. ಅವಳು ಒತ್ತಲಿಲ್ಲ, ತಲೆಯೆತ್ತಿ ಗೋದಾ ಅವರನ್ನು ನೋಡುತ್ತ ಕಾದಳು. ಗೋದಾ ಅವರಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಎದ್ದು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ನಿಂತರು.

“ಆಯ್ತಾ?” ಎಂದರು ಸ್ವಲ್ಪ ಹೊತ್ತಿನ ಮೇಲೆ.

“ಇನ್ನೂ ಇಲ್ಲ,” ಎಂದಳು ರಂಜಿನಿ. “ತಿರುಗ್ಬೇಡಿ ಮಿಸ್.”